ನಿನ್ನ ಕುರ್ಚಿಯ ಅಳತೆಯ ದಾರ

ಅಕ್ಕಾ,

ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ. ಮನೆ ಬಿಡುವಾಗ ನಿನ್ನ ಗಾಲಿಕುರ್ಚಿಯ ಅಗಲವನ್ನು ಒಂದು ದಾರದಲ್ಲಿ ಅಳೆದುಕೊಂಡು ಬಂದಿದ್ದೆ. ಹೋದಲ್ಲೆಲ್ಲ ಬಾಗಿಲಿಗೆ ಹಿಡಿದು ನೋಡುತ್ತೇನೆ.

ನಾನು ವೆಲ್ಡಿಂಗ್ ಕೆಲಸಕ್ಕಿದ್ದ ಕೆರೆಯ ಸುತ್ತಲಿನ ದಾರಿ ನಡೆಯುವವರಿಗೆ, ಸೈಕಲ್ಲಿನವರಿಗೆ, ಗಾಲಿಕುರ್ಚಿಯವರಿಗೆ ಎಲ್ಲರಿಗೂ ಅಂತೆ. ಫಲಕದಲ್ಲಿ ಗಾಲಿಕುರ್ಚಿಯ ಚಿತ್ರವೂ ಇದೆ. ಅದರ ಕೆಳಗೇ, ಬೈಕು ನುಗ್ಗದಿರಲೆಂದು ಕಿರಿದಾದ ಸಂದಷ್ಟೇ ಬಿಟ್ಟ ಕಬ್ಬಿಣದ ಗೇಟು. ದಾರ ಹಿಡಿದರೆ ಸಂದು ನಾಲ್ಕು ಬೆರಳು ಕಮ್ಮಿ! ಬೈಕಿನವರೋ, ಪಕ್ಕದ ಹುಲ್ಲಿನ ಮೇಲೆ ಹಾಯಾಗಿ ಹೋಗುತ್ತಾರೆ.

ಎಂಜಿನಿಯರಿಗೆ ತೋರಿಸಿದೆ. "ಇಲ್ಲೀತನಕ ಒಬ್ರಾದ್ರೂ ಗಾಲಿಕುರ್ಚೀಲಿ ಒಳಗೆ ಬಂದಿದಾರೇನೋ?" ಅಂದ.

"ಬಾಗ್ಲು ಹಾಕ್ಕೊಂಡು, ಊಟಕ್ಕೆ ಯಾರೂ ಬರ್ಲಿಲ್ಲ ಅಂದ್ಹಾಗಾಯ್ತು ಸಾರ್."

"ಸ್ಕೂಲು ಬಿಟ್ಟೋನು ನಂಗೇ ಪಾಠ ಹೇಳ್ತೀಯಾ? ಆ ತುದೀಗೂ ಇಂಥದ್ದೇ ಗೇಟು ಕೂರಿಸ್ಬೇಕು, ನಡಿ."

ಕೂರಿಸಲ್ಲ ಅಂದೆ. ಕೆಲಸ ಹೋಯಿತು.

ರಜೆಗೆ ಇಲ್ಲಿಗೆ ಬಾ ಎಂದು ಕರೆದಿದ್ದೆನಲ್ಲ, ಬರಬೇಡ. ಮುಂದಿನ ಊರಿನಲ್ಲಿ ಮೊದಲು ದಾರ ಹಿಡಿದು ನೋಡಿ, ಆಮೇಲೆ ಕರೆಯುತ್ತೇನೆ. ವೆಲ್ಡಿಂಗಿನಲ್ಲಿ ಕೈಗಾದ ಸುಟ್ಟ ಗಾಯ ಒಣಗಿದೆ. ಅಮ್ಮನಿಗೆ ಓದಿ ಹೇಳುವಾಗ ಈ ಸಾಲು ಬಿಟ್ಟುಬಿಡು. ಇನ್ನು ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನ ತಮ್ಮ

ನಾಳೆ ಬೆಳಗಿನ ಬಸ್ಸಿಗೆ ಇಲ್ಲಿಂದ ಹೊರಡುತ್ತಿದ್ದೇನೆ.