ಎರಡು ಅಂಗೈ ಅಗಲದ ಜಾಗ

ಭಾನುವಾರ, ಬೆಳಿಗ್ಗೆ

ನನ್ನ ಲೆಕ್ಕದ ಮೇಡಂಗೆ ಅಪ್ಪನ ಆಶೀರ್ವಾದ.

ನೀನು ಮುನಿಸಿಕೊಂಡು ದೊಡ್ಡಮ್ಮನ ಮನೆ ಸೇರಿ ಹನ್ನೊಂದು ದಿನವಾಯಿತು. ನಿನ್ನ ಅಮ್ಮ ನನ್ನ ಜೊತೆ ಮುಖ ಕೊಟ್ಟು ಮಾತಾಡುತ್ತಿಲ್ಲ. ನಾನು ಹಿಂದಿನಿಂದ ಕರೆದರೆ ನೀವು ತಿರುಗಿಯೂ ನೋಡಲ್ಲ, ಇಷ್ಟು ಕೊಬ್ಬು ಬೇಡ ಎಂದು ಬೈಯುವುದಕ್ಕೆ ಮಾತ್ರ ಎದುರಿಗೆ ಬರುತ್ತಾಳೆ.

ನೀನು ನಕ್ಷೆ ಹಾಕಿದ ವೇಗದ ದೋಣಿ ಮೊದಲ ಓಟದಲ್ಲೇ ಅಲೆಗೆ ಬಡಿದು ತಳದ ಹೊರಪದರ ಕಿತ್ತುಬಂದಾಗ, ನಮ್ಮ ದೋಣಿ ಕಾರ್ಖಾನೆಯ ಯಜಮಾನರು ಆ ನಕ್ಷೆಯನ್ನು ಮೇಜಿನ ಮೇಲೆ ಎಸೆದು, ಹಗುರ ಮಾಡ್ತೀನಿ ಅಂತ ಹೋಗಿ ಕಾಗದದ ದೋಣಿ ಮಾಡಿಟ್ಟಿದ್ದಾಳೆ ಎಂದು ರೇಗಿದರು. ಮೂವತ್ತು ವರ್ಷ ಫೈಬರ್ ದೋಣಿ ಕಟ್ಟಿದ ನಾನು ಪಕ್ಕದಲ್ಲೇ ನಿಂತು ತುಟಿ ಪಿಟಕ್ಕೆನ್ನಲಿಲ್ಲ. ನಿನ್ನ ಕಣ್ಣು ನನ್ನ ಮೇಲೇ ಇತ್ತು, ಗೊತ್ತು. ನನ್ನೊಳಗೆ ಬೇರೆಯೇ ಅಳುಕಿತ್ತು.

ಕೊನೆಗೆ ನಿನ್ನೆ ಆ ಜಾಗವನ್ನು ಕೊಯ್ದು ನೋಡಿದೆ. ಒಳಗೊಂದು ಹೊರಗೊಂದು ಫೈಬರ್ ಪದರ, ನಡುವೆ ಫೋಮ್. ಮೂರೂ ಒಂದಾಗಿ ಅಂಟಿದ್ದರೆ ತೆಳು ತಳವೂ ಅಲೆಯ ಹೊಡೆತ ತಾಳುತ್ತದೆ ಎಂದು ನೀನು ಬ್ರೆಡ್ಡಿನ ಸ್ಯಾಂಡ್‌ವಿಚ್ ಹಿಡಿದು ನನಗೆ ಪಾಠ ಮಾಡಿದ್ದೆಯಲ್ಲ? ಸುತ್ತಲೂ ಫೋಮೇ ಹರಿದಿದೆ, ಅಂಟು ಬಿಟ್ಟಿಲ್ಲ. ಎರಡು ಅಂಗೈ ಅಗಲದ ಜಾಗದಲ್ಲಿ ಮಾತ್ರ ಫೋಮ್ ನುಣ್ಣಗಿದೆ, ಪದರ ಅಂಟಿಸುವ ರೆಸಿನ್ ತಾಗಿಯೇ ಇಲ್ಲ. ಕಿತ್ತುಬರುವುದು ಅಲ್ಲಿಂದಲೇ ಶುರುವಾಗಿದೆ.

ರೆಸಿನ್ ಗಟ್ಟಿಯಾದ ಮೇಲೆ ನಾಣ್ಯದಿಂದ ಇಂಚಿಂಚೂ ತಟ್ಟಿ, ಅಂಟದ ಜಾಗದ ಟೊಳ್ಳು ಸದ್ದು ಹಿಡಿಯುವುದು ನನ್ನ ಕೆಲಸ. ಸರಿಯಿದೆ ಎಂದು ರುಜು ಹಾಕಿದವನೂ ನಾನೇ. ಅವತ್ತು ಏನೋ ಅವಸರದಲ್ಲಿದ್ದೆ.

ಕೊಯ್ದ ತುಂಡನ್ನು ಯಜಮಾನರ ಮುಂದೆ, ನಿನ್ನ ನಕ್ಷೆಯ ಮೇಲೇ ಇಟ್ಟು, ಹುಡುಗಿ ಲೆಕ್ಕ ಸರಿಯಾಗಿದೆ ಸಾರ್, ಕೆಟ್ಟಿದ್ದು ನನ್ನ ಕೆಲಸ ಎಂದೆ. ಅವರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಅದೇ ನಕ್ಷೆಯಲ್ಲಿ ಇನ್ನೊಂದು ಕಟ್ಟೋಣ, ಅವಳನ್ನ ಕರೀರಿ ಎಂದರು. ಇನ್ನು ಮೇಲೆ ತಟ್ಟಿ ನೋಡುವವಳು ನೀನೇ ಎಂದು ಹೇಳಿ ಬಂದಿದ್ದೇನೆ.

ನಿನ್ನ ಮೇಲೆ ಬಂದ ಮಾತನ್ನು ಹನ್ನೊಂದು ದಿನ ಹಾಗೇ ಬಿಟ್ಟೆನಲ್ಲ, ನಾಚಿಕೆಯಾಗುತ್ತಿದೆ. ಮನೆಗೆ ಬಾ ಮಗಳೇ.

ನಿನ್ನ ಅಪ್ಪ

ಕಾಗದ ಮಡಿಸುವ ಮುನ್ನ ಇನ್ನೊಂದು ಮಾತು: ಅವಸರ ಎಂದದ್ದು ಸುಳ್ಳು. ಆ ತಳವನ್ನು ಎರಡು ದಿನ ತಟ್ಟಿದ್ದೇನೆ. ಫೈಬರ್ ಉಜ್ಜುವ ಗ್ರೈಂಡರಿನ ಸದ್ದಿನಲ್ಲಿ ಸವೆದ ಈ ಕಿವಿಗೆ ಈಗ ಟೊಳ್ಳೂ ಗಟ್ಟಿಯೂ ಒಂದೇ. ಅಮ್ಮನಿಗೂ ಹೇಳಿಲ್ಲ. ದೊಡ್ಡಮ್ಮನ ಮನೆಯಿಂದ ನೀನು ಮಾಡಿದ ಮೂರು ಫೋನಿಗೂ ಬರೀ ಹೂಂ ಹೂಂ ಎಂದೆ. ನೀನು ಬೈದೆಯೋ, ಅತ್ತೆಯೋ, ನನಗೆ ಗೊತ್ತಾಗಲಿಲ್ಲ. ಬಂದು ಎದುರಿಗೆ ಕೂತು ಇನ್ನೊಮ್ಮೆ ಹೇಳು.