ಯಜಮಾನರ ಲಿವರು

ಗಂಗಾನಗರ, ಬೆಂಗಳೂರು
೯-೨-೧೯೮೪

ಶ್ರೀಮತ್ಸಕಲಸದ್ಗುಣಸಂಪನ್ನೆ, ತಿಪಟೂರು ಸಂಸ್ಥಾನದ ಹಿರಿಯ ಸೊಸೆ, ಕೊಬ್ಬರಿ ಮಿಠಾಯಿ ಸಾಮ್ರಾಜ್ಯದ ಏಕೈಕ ಚಕ್ರವರ್ತಿನಿ, ನನ್ನ ಎರಡೂ ಕಿವಿಗಳನ್ನು ಬಾಲ್ಯದಿಂದ ಹಿಂಡಿ ಉದ್ದ ಮಾಡಿದ ಅಧಿದೇವತೆ, ಶ್ರೀಮತಿ ಗೋದಕ್ಕನವರ ದಿವ್ಯ ಪಾದಾರವಿಂದಗಳಿಗೆ, ಸೋಪಿಗೂ ಬಗ್ಗದ ಹಂದಿಮನೆಯ ವಾಸನೆ ಹೊತ್ತ ತಮ್ಮ ಉಪೇಂದ್ರನು ಸಾಷ್ಟಾಂಗ ನಮಸ್ಕರಿಸಿ ಮಾಡುವ ವಿಜ್ಞಾಪನೆಗಳು.

ಉಭಯ ಕುಶಲೋಪರಿ ಎಂದು ಬರೆಯಬೇಕು. ಉಭಯದಲ್ಲಿ ನಿನ್ನ ಅರ್ಧ ಕುಶಲವೆಂದು ನಂಬಿದ್ದೇನೆ.

ನಿನ್ನ ಪತ್ರ ಬಂತು. ಏಳು ತಿಂಗಳು ತುಂಬಿದರೂ ಚೊಚ್ಚಲ ಹೆರಿಗೆಗೆ ಕರೆದೊಯ್ಯಲು ತವರಿನಿಂದ ಯಾರೂ ಬರಲಿಲ್ಲವೆಂದೂ, ನಿಮ್ಮತ್ತೆ "ನಿಮ್ಮೋರಿಗೆ ಅಷ್ಟು ಭಾರ ಆಗ್ಬಿಟ್ಯೇನಮ್ಮ" ಎಂದು ಕೇಳಿದರೆಂದೂ ಬರೆದಿದ್ದೀಯೆ. ಅಮ್ಮ ಅದನ್ನು ಓದಿ, ಮಡಿಸಿ, ಸಾಸಿವೆ ಡಬ್ಬಿಯ ಕೆಳಗಿಟ್ಟಳು. ಆಮೇಲೆ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು, "ಬಸುರಿ ಹುಡುಗಿ ಕಣೋ. ನಿಮ್ಮಪ್ಪನ ವಿಷಯ ಅವಳಿಗೆ ಒಂದಕ್ಷರ ಬರೀಕೂಡ್ದು" ಎಂದು ಆಣೆ ಮಾಡಿಸಿದಳು.

ಆದಕಾರಣ ಅಪ್ಪನ ವಿಷಯ ಬರೆಯುವುದಿಲ್ಲ. ಹಂದಿಯ ವಿಷಯ ಬರೆಯಕೂಡದೆಂದು ಅವಳು ಹೇಳಿಲ್ಲ.

ಹೆಬ್ಬಾಳದ ಹಂದಿಮನೆಯಲ್ಲಿ ನನ್ನ ಎಂ.ವಿ.ಎಸ್ಸಿ. ಪ್ರಬಂಧದ ನಾಯಕನೊಬ್ಬನಿದ್ದಾನೆ. ಬಿಳಿ ಮೈ, ಭಾರಿ ಹೊಟ್ಟೆ. ಊಟ ಸ್ವಲ್ಪ ತಡವಾದರೂ ಗದರಿಕೆ. ಮೇವು ಹಾಕುವ ಲಕ್ಕಣ್ಣ ಒಂದು ದಿನ "ಥೇಟ್ ಮನೆ ಯಜಮಾನ್ರು ಇದ್ದಂಗವ್ನೆ ಕಣ್ಸಾಮಿ" ಎಂದ. ಅಂದಿನಿಂದ ಅದರ ಹೆಸರು ಯಜಮಾನರು. ನಮ್ಮ ಮನೆಯಲ್ಲಿ ಅಮ್ಮ ಯಾರನ್ನು ಹಾಗೆನ್ನುತ್ತಾಳೆ ಎಂಬುದು ಇಲ್ಲಿ ಅಪ್ರಸ್ತುತ.

ಯಜಮಾನರ ದೊಡ್ಡ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಬಿಡಾರ ಹೂಡಿವೆ. ಅವರು ಅರಗಿಸಲಾರದ ತೌಡನ್ನೂ ಸಿಪ್ಪೆಯನ್ನೂ ಅವು ಹುಳಿ ಬರಿಸಿ ಬೇರೆಯೇ ಅಡುಗೆ ಮಾಡುತ್ತವೆ. ಅದರಲ್ಲಿ ಒಳ್ಳೆಯದೂ ಉಂಟು, ವಿಷವೂ ಉಂಟು. ಎಲ್ಲವೂ ರಕ್ತದ ಜೊತೆ ಮೊದಲು ಲಿವರಿಗೆ ಹೋಗಬೇಕು. ನಡುಮನೆಯ ಬಾಗಿಲಲ್ಲಿ ಕೂತು ಅಮ್ಮ ಸಂತೆಯ ಚೀಲ ಸುರಿದು ಆರಿಸುತ್ತಾಳಲ್ಲ, ಹಾಗೆ ಲಿವರು ಆರಿಸುತ್ತದೆ. ಒಂದು ಹುಳಿಯನ್ನು ತಾನಿಟ್ಟುಕೊಂಡು ಸಕ್ಕರೆ ಮಾಡುತ್ತದೆ. ಇನ್ನೊಂದನ್ನು ಕೈಕಾಲಿನ ಮಾಂಸಖಂಡಗಳಿಗೆಂದು ಮುಂದೆ ಬಿಡುತ್ತದೆ. ಅಮೋನಿಯಾ ಬಂದರೆ ಹಿಡಿದು, ಹಲ್ಲು ಕಿತ್ತು, ಯೂರಿಯಾ ಮಾಡಿ ಮೂತ್ರಪಿಂಡಕ್ಕೆ ಒಪ್ಪಿಸುತ್ತದೆ. ಅದರಲ್ಲೂ ಒಂದು ಪಾಲು ಕರುಳಿನವರಿಗೇ ವಾಪಸ್ಸು. ಪಕ್ಕದ ಮನೆಯ ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದಲ್ಲ. ನಾವು ಲಿವರಿನ ಒಳಬಾಗಿಲಿಗೊಂದು, ಹೊರಬಾಗಿಲಿಗೊಂದು ಸಣ್ಣ ನಳಿಗೆ ಇಟ್ಟು ಒಟ್ಟಿಗೇ ರಕ್ತ ತೆಗೆಯುತ್ತೇವೆ. ಒಳಗೆ ಹೋಗಿ ಹೊರಗೆ ಬಾರದ್ದು ಲಿವರು ಇಟ್ಟುಕೊಂಡದ್ದು. ಪ್ರಬಂಧ ಇಷ್ಟೇ. ಇದಕ್ಕೆ ನನಗೆ ಪದವಿ ಕೊಡುತ್ತಾರಂತೆ.

ಈಗ ಯಜಮಾನರ ಲಿವರು ಕೆಟ್ಟಿದೆ. ಹೋದ ವರ್ಷದ ಕಾಮಾಲೆ ಸೊಪ್ಪಿನ ಔಷಧಿಗೇ ವಾಸಿಯಾಯಿತೆಂದುಕೊಂಡೆವಲ್ಲ (ಹಂದಿಗೆ, ಗೋದಕ್ಕ, ಹಂದಿಗೆ), ಅಂದಿನಿಂದ ಅದು ಒಳಗೊಳಗೇ ನಿಮ್ಮೂರ ಕೊಬ್ಬರಿಯ ಹಾಗೆ ಒಣಗಿ ಗಟ್ಟಿಯಾಗಿದೆ. ಬಾಗಿಲಲ್ಲಿ ಆರಿಸುವವರಿಲ್ಲ. ಅಮೋನಿಯಾ ನೇರವಾಗಿ ತಲೆಗೆ ಏರುತ್ತಿದೆ. ಹಗಲೆಲ್ಲ ನಿದ್ದೆ. ಮೊನ್ನೆ ಶರಟಿನ ತೋಳಿಗೆ ಕಾಲು ತೂರಿಸಲು ಹೊರಟರು. ಕೈ ಚಾಚಿ ಎಂದರೆ ಅಂಗೈಗಳು ರೆಕ್ಕೆಯಂತೆ ಬಡಿದುಕೊಳ್ಳುತ್ತವೆ. ಮುಂಗಾಲು ಎಂದು ಓದಿಕೋ. ಶರಟನ್ನು ಏನೆಂದು ಓದಿಕೊಳ್ಳಬೇಕೋ ನನಗೂ ಹೊಳೆಯುತ್ತಿಲ್ಲ.

ಯಶವಂತಪುರದ ಡಾಕ್ಟರ ಹತ್ತಿರ ಕರೆದೊಯ್ದೆ. ನಾನು ಕರುಳು, ಅಮೋನಿಯಾ ಎಂದು ಶುರುಮಾಡಿದ್ದಕ್ಕೆ ಅವರು "ನೀವೂ ಡಾಕ್ಟರೇನ್ರೀ" ಎಂದರು. "ಹಂದಿ ಡಾಕ್ಟ್ರು ಸಾರ್" ಎಂದೆ. ನಗುತ್ತಾರೆಂದುಕೊಂಡಿದ್ದೆ. ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, "ಹಾಗಾದ್ರೆ ಮುಂದಿಂದು ನಾನು ಹೇಳೋದೇನಿದೆ" ಎಂದರು. ಅಷ್ಟು ಮರ್ಯಾದೆ ನನಗೆ ಬೇಕಿರಲಿಲ್ಲ ಅಕ್ಕ.

ಕರುಳು ತೊಳೆಯಲು ಒಂದು ಸಿಹಿ ಸಿರಪ್ಪು ಬರೆದುಕೊಟ್ಟರು, ಅಮೋನಿಯಾ ಹೆಚ್ಚಿಸುತ್ತದೆಂದು ಬೇಳೆ ತಿನ್ನುವುದನ್ನು ಬಿಡಿಸಿದರು. ಮಧ್ಯಾಹ್ನ ತಟ್ಟೆಯ ಮುಂದೆ ಯಜಮಾನರು "ಬೇಳೆ ಇಲ್ದಿರೋ ಸಾರಿಗೆ ಬಿಸಿನೀರು ಅಂತಾರೆ ಕಣೇ ಸತ್ಯವತಿ" ಎಂದರು. ಹಂದಿಗೆ ಅಮ್ಮನ ಹೆಸರು ಹೇಗೆ ಗೊತ್ತು ಎಂದು ಕೇಳಬೇಡ. ಆ ಹೊತ್ತಿಗೆ ಗೊತ್ತಿತ್ತು, ಅಮ್ಮನಿಗೆ ಅದೇ ಸಂಭ್ರಮ. ಸಂಜೆ ದೀಪ ಹಚ್ಚಿ ಬಂದವಳನ್ನು "ಯಾರಮ್ಮ ನೀವು, ಯಾರು ಬೇಕಿತ್ತು" ಎಂದು ಬಹಳ ವಿನಯದಿಂದ ಕೇಳಿದರು.

ನನ್ನನ್ನು ಬದರೀನಾಥ ಎನ್ನುತ್ತಾರೆ, ತೀರಿಹೋದ ಚಿಕ್ಕಪ್ಪನ ಹೆಸರು. ನಾನೂ ಓಗೊಡುತ್ತೇನೆ. ನಿನ್ನ ಹೆಸರು ಮಾತ್ರ ಇನ್ನೂ ತಪ್ಪಿಲ್ಲ. ಗೇಟು ಸದ್ದಾದರೆ ಸಾಕು, "ಗೋದಾ ಬಂದ್ಳಾ? ಕರ್ಕೊಂಡ್ ಬರೋಕೆ ಯಾರು ಹೋಗಿದ್ರು?" ಎನ್ನುತ್ತಾರೆ. ಅಮ್ಮ ನನ್ನ ಮುಖ ನೋಡುತ್ತಾಳೆ. ನಾನು ಕ್ಯಾಲೆಂಡರು ನೋಡುತ್ತೇನೆ.

ಯಾವ ಅಂಗ ಯಾವುದಕ್ಕೆ ಏನು ಕೊಟ್ಟಿತೆಂದು ಕಾಲೇಜಿನ ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಬಲ್ಲೆ. ತಪ್ಪಾದರೆ ಅಳಿಸಿ ಬೇರೆ ಕಡೆ ತಿರುಗಿಸುತ್ತೇನೆ. ಮನೆಯಲ್ಲಿ ಚಮಚ ಹಿಡಿದು ನಿಲ್ಲುತ್ತೇನೆ. ಅರ್ಧ ಬಾಯಿಗೆ ಹೋಗುತ್ತದೆ, ಅರ್ಧ ಗಲ್ಲದ ಮೇಲೆ ಇಳಿಯುತ್ತದೆ.

ಆದರೂ ನೀನು ಗಾಬರಿಪಡಬೇಡ. ಇವತ್ತು ಬೆಳಿಗ್ಗೆ ಯಜಮಾನರು ತಾವಾಗಿಯೇ ಎದ್ದರು. ಕಣ್ಣು ಚುರುಕಾಗಿತ್ತು. ನನ್ನ ಗುರುತು ಹಿಡಿದು ಹತ್ತಿರ ಬಂದರು, ಬಡಿಸಿದ್ದೆಲ್ಲ ಉಂಡು ಇನ್ನೂ ಬೇಕೆಂದು ಗದರಿದರು. ಹೀಗೇ ಇದ್ದರೆ ಮುಂದಿನ ತಿಂಗಳು ನಾನೇ ಬಂದು ಕರೆದುಕೊಂಡು ಬರುತ್ತೇನೆ. ಅವಸರವಿಲ್ಲ.

ಇಂತಿ,
ವರಾಹಸೇವಾಧುರಂಧರ, ಆಣೆಗೆ ತಪ್ಪದ
ನಿನ್ನ ತಮ್ಮ ಉಪೇಂದ್ರ

ತಾ.ಕ.: ಅವಸರವಿಲ್ಲ ಎಂದದ್ದನ್ನು ಹೊಡೆದುಹಾಕು. ಭಾವನವರ ಜೊತೆ ಸಿಕ್ಕಿದ ರೈಲು ಹತ್ತು. ಚಿಕ್ಕಬಾಣಾವರ ದಾಟಿದೊಡನೆ ಚೀಲ ಎತ್ತಿಕೊಳ್ಳಲು ಹೇಳು, ಯಶವಂತಪುರದಲ್ಲಿ ಗಾಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಈ ಪತ್ರದಲ್ಲಿ ನಿಜವಾದ ಹಂದಿ ಬಂದದ್ದು ಎರಡೇ ಕಡೆ. ಒಂದು, ಲಕ್ಕಣ್ಣ ಹೆಸರಿಟ್ಟಲ್ಲಿಂದ ನನ್ನ ಪ್ರಬಂಧದ ಮಾತು ಮುಗಿಯುವವರೆಗೆ. ಇನ್ನೊಂದು, ಬೆಳಿಗ್ಗೆ ಎದ್ದು ಉಂಡದ್ದು.