ಎಲೆ ಮೇಲಿನ ಹಳದಿ ಗೆರೆ

ಕುರುಗೋಡು

ತೋಟಗಾರಿಕೆ ಆಫೀಸಿನ ಶೈಲಜಾ ಮೇಡಮ್ಮನವರಿಗೆ ದೊಡ್ಡಬಸಪ್ಪನ ನಮಸ್ಕಾರ.

ಯೋಜನೆಯಲ್ಲಿ ನೀವು ಕೊಟ್ಟ ರೋಗವಿಲ್ಲದ ಗುಲಾಬಿ ಗಿಡಗಳಲ್ಲಿ ಐದು ಒಣಗಿದವು. ನೀವು ಬೈತೀರಿ ಅಂತ ಅಂಜಿ, ರೋಗ ಐತಿ ಅಂತ ನೀವು ಸುಡಲು ಹೇಳಿದ್ದ ಹಳೇ ಗಿಡದ ಚಿಗುರುಗಣ್ಣು ತಂದು ಕಸಿ ಕಟ್ಟಿ ಆ ಐದರ ಜಾಗ ತುಂಬಿದೆ. ಪಕ್ಕದ ಎರ್ರಮ್ಮ ಬಣ್ಣ ಮೆಚ್ಚಿ ಕೇಳಿದಳೆಂದು ಅವಳ ಗಿಡಗಳಿಗೂ ಕಟ್ಟಿಕೊಟ್ಟೆ. ಅವಳ ಸಂಸಾರ ನಡೆಯುವುದೇ ಆ ಹೂವಿನಿಂದ.

ಈಗ ನನ್ನ ಗಿಡದಲ್ಲೂ ಅವಳ ಗಿಡದಲ್ಲೂ ಎಲೆ ಮೇಲೆ ಆ ರೋಗದ ಹಳದಿ ಗೆರೆ ಬಂದಿವೆ. ನಿನ್ನೆ ಅವಳು, "ಮಾವಾ, ರಂಗೋಲಿ ಹಾಕಿದಂಗ ಐತಿ ನೋಡ್ರಿ" ಎಂದು ನಕ್ಕಳು. ಊರಿಗೆಲ್ಲ ಬೈಯುವ ನಾನು ಮನೆಗೆ ಬಂದು ಈ ಕಾಗದ ಹಿಡಿದು ಕೂತೆ.

ಉತ್ತರ ಬರೆಯುತ್ತಾ ಕೂಡಬೇಡ್ರಿ, ಬರ್ರಿ. ಸುಡಬೇಕಾದರೆ ಮೊದಲು ನನ್ನ ತೋಟ ಸುಡ್ರಿ, ಅವಳು ನೋಡುವ ಹಾಗೆ. ಯಾಕೆ ಎಂದು ಕೇಳಿಯೇ ಕೇಳುತ್ತಾಳೆ, ಆಗ ಹೇಳುತ್ತೇನೆ. ನೀವು ಮಾತ್ರ ಪಕ್ಕದಲ್ಲೇ ನಿಂತಿರ್ರಿ.

ದಾರಿ ಕಾಯುತ್ತಿರುವ,
ದೊಡ್ಡಬಸಪ್ಪ